ಹೊಸಬರ ಜೊತೆ ಒಮಾಹಾ ಪೋಕರ್: ಮೊದಲ ಸಂಜೆಯ ಗೊಂದಲ ದಾಟಿಸುವ ಸಮಗ್ರ ಮಾರ್ಗದರ್ಶಿ

ಒಮಾಹಾ ಆಡಲು ಹೊಸಬರನ್ನು ಕೂರಿಸಿಕೊಂಡರೆ ಅರ್ಧ ಗಂಟೆಯೊಳಗೆ ಒಬ್ಬರಾದರೂ ಎಲೆಗಳನ್ನು ಮೇಜಿಗೆ ಬಡಿದು "ಕಲರ್!" (ಸ್ಪೇಡ್‌ನಂಥ ಒಂದೇ ಬಣ್ಣದ ಐದೆಲೆ) ಎಂದು ಕೂಗುತ್ತಾರೆ. ಚಿಪ್ಸ್ (ಪಣದ ಬಿಲ್ಲೆಗಳು) ಬಾಚಿಕೊಳ್ಳಲು ಎರಡೂ ಕೈ ಚಾಚುತ್ತಾರೆ. ಅವರದು ಕಲರ್ ಅಲ್ಲ, ಬರೀ ಒಂದು ಜೋಡಿ ಎಂದು ಪಕ್ಕದವರು ಹೇಳುತ್ತಾರೆ. ಸುತ್ತ ನಗು. ಅವರ ಮುಖದಲ್ಲಿ ಮಾತ್ರ ಪೂರ್ತಿ ಅಪನಂಬಿಕೆ: "ನಾಲ್ಕು ಸ್ಪೇಡ್ ಅಲ್ಲೇ ಬಿದ್ದಿದೆ, ಐದನೇದು ನನ್ನತ್ರ ಇದೆ. ಇನ್ನೇನ್ರೀ ಬೇಕು?"

ಈ ನಗು ಒಮಾಹಾದ ಅರ್ಧ ಸೊಗಸು. ಆದರೆ ಸೋತವರಿಗೂ ನಗು ಬರಬೇಕಾದರೆ ತಾವು ಯಾಕೆ ಸೋತೆವೆಂದು ಆ ಕ್ಷಣವೇ ತಿಳಿಯಬೇಕು. ಅದು ತಿಳಿಯದಿದ್ದರೆ ಮೋಸ ಹೋದ ಭಾವ ಬರುತ್ತದೆ, ಮುಂದಿನ ಸಲ ಕರೆದರೆ ಬರುವುದಿಲ್ಲ. ಹೋಲ್ಡೆಮ್ (ಕೈಯಲ್ಲಿ ಎರಡೆಲೆಯ ಪೋಕರ್) ಚೆನ್ನಾಗಿ ಬಲ್ಲ ನೀವು ರಮ್ಮಿ, ತೀನ್ ಪತ್ತಿ ಆಡಿ ಬೆಳೆದ ಅಣ್ಣ, ಅತ್ತಿಗೆ, ಚಿಕ್ಕಪ್ಪ, ಆಫೀಸಿನ ಗೆಳೆಯರಿಗೆ ಮೊದಲ ಸಲ ಒಮಾಹಾ ಕಲಿಸಹೊರಟಿದ್ದೀರಿ ಎಂದುಕೊಂಡು ಇದನ್ನು ಬರೆದಿದ್ದೇನೆ. ಗೊಂದಲವನ್ನು ತಡೆಯಲು ಹೋಗಬೇಡಿ, ತಡೆಯುವುದು ಆಗುವುದೂ ಇಲ್ಲ. ಯಾವ ಗೊಂದಲ ಎಲ್ಲಿ ಹುಟ್ಟುತ್ತದೆಂದು ಮೊದಲೇ ತಿಳಿದಿದ್ದರೆ, ಅದು ಬಂದಾಗ ಒಂದೇ ಮಾತಿನಲ್ಲಿ ಬಿಡಿಸಬಹುದು.

ಆಟದ ಹುಟ್ಟಿನ ಬಗ್ಗೆ ಯಾರಾದರೂ ಕೇಳಿದರೆ ಇಷ್ಟು ಹೇಳಿ: 1980ರ ದಶಕದ ಆರಂಭದಲ್ಲಿ ರಾಬರ್ಟ್ ಟರ್ನರ್ ಎಂಬ ಆಟಗಾರ ಇದನ್ನು ಲಾಸ್ ವೇಗಸ್‌ನ ಗೋಲ್ಡನ್ ನಗೆಟ್ ಕ್ಯಾಸಿನೊದ ಬಿಲ್ ಬಾಯ್ಡ್ ಅವರಿಗೆ ಪರಿಚಯಿಸಿದರು. ಅಲ್ಲಿ ಇದಕ್ಕಿದ್ದ ಹೆಸರು 'ನಗೆಟ್ ಹೋಲ್ಡೆಮ್'. ಈಗಿನ ಹೆಸರು ಅಮೆರಿಕದ ನೆಬ್ರಾಸ್ಕಾ ರಾಜ್ಯದ ಊರಿನದು.

ಮೊದಲ ಹೆಜ್ಜೆ: ಮೇಜು ಸಿದ್ಧ ಮಾಡಿ

ಐದು ಅಥವಾ ಆರು ಜನ ಸಾಕು. ತಲೆಗೆ ನಾಲ್ಕರಂತೆ ಎಲೆ ಹಂಚಿ, ಬೋರ್ಡ್‌ಗೆ (ಮೇಜಿನ ನಡುವೆ, ಎಲ್ಲರಿಗೂ ಸೇರಿದ್ದು) ಐದು ಬಿಚ್ಚಿ, ಪ್ರತಿ ಸುತ್ತಿಗೂ ಒಂದನ್ನು ಮುಚ್ಚಿ ಪಕ್ಕಕ್ಕಿಟ್ಟರೂ ಹತ್ತು ಜನರಿಗೆ 48 ಎಲೆ ಆಗುತ್ತದೆ, ಒಂದು ಕಟ್ಟು ಸಾಲುತ್ತದೆ. ಆದರೆ ಹತ್ತು ಹೊಸಬರ ಕೈಯನ್ನು ಕೊನೆಯಲ್ಲಿ ಬಿಡಿಸಿ ಹೇಳುವಷ್ಟು ತಾಳ್ಮೆ ಯಾರಿಗೂ ಇರುವುದಿಲ್ಲ. ಜೋಕರ್‌ಗಳನ್ನು ಕಟ್ಟಿನಿಂದ ತೆಗೆದು ಎಲ್ಲರ ಕಣ್ಣೆದುರೇ ಡಬ್ಬಿಗೆ ಹಾಕಿ, ಇಲ್ಲವಾದರೆ ರಮ್ಮಿಯವರು ರಾತ್ರಿಯಿಡೀ "ಜೋಕರ್ ಯಾವುದು?" ಎಂದು ಕೇಳುತ್ತಲೇ ಇರುತ್ತಾರೆ.

ಹಣ ಬೇಡ. ನಮ್ಮಲ್ಲಿ ಯುಗಾದಿಗೆ ಇಸ್ಪೀಟು ಆಡುವ ಮನೆಗಳಲ್ಲಿ "ಹತ್ತು ರೂಪಾಯಿ ಆದ್ರೂ ಇರ್ಲಿ, ಇಲ್ದಿದ್ರೆ ಮಜಾ ಏನು?" ಎನ್ನುವವರು ಇದ್ದೇ ಇರುತ್ತಾರೆ. ಒಪ್ಪಬೇಡಿ. ನಿಯಮವೇ ಗೊತ್ತಿಲ್ಲದವರ ಜೇಬಿನಿಂದ ಹತ್ತು ರೂಪಾಯಿ ಗೆದ್ದರೂ ಅದು ಸರಿಯಲ್ಲ. ಅಭ್ಯಾಸಕ್ಕೆಂದು ಯಾರಾದರೂ ಫೋನಿನಲ್ಲಿ ಹಣದ ಆಟ ಹುಡುಕಲು ಹೊರಟರೆ, ಹಣ ಕಟ್ಟಿಸಿಕೊಂಡು ಆಡಿಸುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾನೂನು ನಿಷೇಧಿಸಿದೆ ಎಂದು ತಿಳಿಸಿ. ಪ್ಲಾಸ್ಟಿಕ್ ಚಿಪ್ಸ್ ಇಲ್ಲದಿದ್ದರೆ ಹುಣಸೆ ಬೀಜ ಮತ್ತು ಗುಂಡಿಗಳು ನಡೆಯುತ್ತವೆ. ತಲೆಗೆ 1,000 ಅಂಕದ ಚಿಪ್ಸ್, ಸ್ಮಾಲ್ ಬ್ಲೈಂಡ್ 5, ಬಿಗ್ ಬ್ಲೈಂಡ್ 10 ಇಟ್ಟುಕೊಳ್ಳಿ.

'ಬ್ಲೈಂಡ್' ಎಂದ ಕೂಡಲೇ ತೀನ್ ಪತ್ತಿಯವರು ತಮ್ಮ ಎಲೆ ನೋಡದೆ ಮುಚ್ಚಿಟ್ಟುಕೊಂಡು ಕೂರುತ್ತಾರೆ. ಇಲ್ಲಿ ಅದು ಇಬ್ಬರು ಸರದಿಯಂತೆ ಮೊದಲೇ ಹಾಕಬೇಕಾದ ಚಿಪ್ಸ್, ಎಲೆಯನ್ನು ಎಲ್ಲರೂ ನೋಡಬಹುದು ಎಂದು ಹಂಚುವ ಮುಂಚೆಯೇ ಹೇಳಿಬಿಡಿ. 'ಪ್ಯಾಕ್' ಎಂಬ ಮಾತನ್ನು ಹಾಗೇ ಬಿಡಿ. ಫೋಲ್ಡ್ ಅಂದರೂ ಪ್ಯಾಕ್ ಅಂದರೂ ಅರ್ಥ ಒಂದೇ, ಎಲೆ ಬಿಟ್ಟು ಆ ಆಟದಿಂದ ಹೊರಬರುವುದು, ಸುಮ್ಮನೆ ತಿದ್ದುವುದು ಯಾಕೆ?

ಎರಡನೇ ಹೆಜ್ಜೆ: ಕೈಗಳ ಶ್ರೇಣಿಯನ್ನು ದೊಡ್ಡದಾಗಿ ಬರೆದಿಡಿ

ಒಂದು ಹಾಳೆಯಲ್ಲಿ ಮೇಲಿನಿಂದ ಕೆಳಕ್ಕೆ ಬರೆಯಿರಿ: ಸ್ಟ್ರೇಟ್ ಫ್ಲಶ್ (ಒಂದೇ ಬಣ್ಣದ ಐದರ ಸಾಲು), ನಾಲ್ಕು ಒಂದೇ ಎಲೆ, ಫುಲ್ ಹೌಸ್ (ಮೂರು ಒಂದೇ ಎಲೆ, ಜೊತೆಗೊಂದು ಜೋಡಿ), ಫ್ಲಶ್ (ಕಲರ್), ಸ್ಟ್ರೇಟ್ (ಐದರ ಸಾಲು, ಅಂದರೆ ಸೀಕ್ವೆನ್ಸ್), ಮೂರು ಒಂದೇ ಎಲೆ, ಎರಡು ಜೋಡಿ, ಒಂದು ಜೋಡಿ, ಏನೂ ಇಲ್ಲದಿದ್ದರೆ ದೊಡ್ಡ ಎಲೆ. ಹಾಳೆ ಮೇಜಿನ ಮೇಲೆಯೇ ಇರಲಿ. ನೋಡಿಕೊಳ್ಳುವುದಕ್ಕೆ ಯಾರೂ ನಾಚಿಕೊಳ್ಳಬೇಕಿಲ್ಲ.

ಇದರಲ್ಲಿ ಎರಡು ಸಾಲುಗಳ ಕೆಳಗೆ ಗೆರೆ ಎಳೆಯಿರಿ: ಫ್ಲಶ್ ಮತ್ತು ಸ್ಟ್ರೇಟ್. ತೀನ್ ಪತ್ತಿಯಲ್ಲಿ ಸೀಕ್ವೆನ್ಸ್ ಮೇಲೆ, ಕಲರ್ ಕೆಳಗೆ. ಪೋಕರ್‌ನಲ್ಲಿ ಅದು ತಲೆಕೆಳಗು. ಇದು ಯಾರದೋ ಮರ್ಜಿಯಿಂದ ಆದದ್ದಲ್ಲ. ಮೂರೆಲೆಯ ಆಟದಲ್ಲಿ ಕಲರ್ 1,096 ರೀತಿಯಲ್ಲಿ ಬರಬಹುದು, ಸಾಮಾನ್ಯ ಸೀಕ್ವೆನ್ಸ್ 720 ರೀತಿಯಲ್ಲಿ ಮಾತ್ರ. ಆದ್ದರಿಂದ ಅಲ್ಲಿ ಸೀಕ್ವೆನ್ಸ್ ಅಪರೂಪ. ಐದೆಲೆಗೆ ಬಂದರೆ ಸ್ಟ್ರೇಟ್ 10,200 ರೀತಿ, ಫ್ಲಶ್ 5,108 ರೀತಿ. ಇಲ್ಲಿ ಫ್ಲಶ್ ಅಪರೂಪ, ಅದಕ್ಕೇ ಅದು ದೊಡ್ಡದು. ಕಾರಣ ಹೇಳಿದರೆ ತೀನ್ ಪತ್ತಿಯ ಹಳಬರು ಒಪ್ಪಿಕೊಳ್ಳುತ್ತಾರೆ. "ನಿಯಮ ಹಾಗಿದೆ" ಎಂದಷ್ಟೇ ಹೇಳಿದರೆ "ಅದ್ಯಾವ ಊರಿನ ನಿಯಮ?" ಎಂದು ವಾದಕ್ಕೆ ಕೂರುತ್ತಾರೆ.

ಮೂರನೇ ಹೆಜ್ಜೆ: 'ಕೈಯಿಂದ ಎರಡು, ಬೋರ್ಡ್‌ನಿಂದ ಮೂರು'

ಇಡೀ ಒಮಾಹಾ ನಿಂತಿರುವುದು ಈ ಒಂದು ಸಾಲಿನ ಮೇಲೆ. ಅಂದರೆ ಸಂಜೆಯ ಮುಕ್ಕಾಲು ಪಾಲು ಗಲಾಟೆ ಹುಟ್ಟುವುದೂ ಇಲ್ಲೇ. ಪ್ರತಿಯೊಬ್ಬರಿಗೂ ನಾಲ್ಕು ಎಲೆ, ಬೋರ್ಡ್‌ನಲ್ಲಿ ಎಲ್ಲರಿಗೂ ಸೇರಿದ ಐದು ಎಲೆ. ಕೊನೆಗೆ ಐದೆಲೆಯ ಕೈ ಕಟ್ಟುವಾಗ ಸ್ವಂತದ್ದು ಎರಡೇ, ಬೋರ್ಡ್‌ನದು ಮೂರೇ. ಸ್ವಂತದ್ದು ಒಂದೇ ಬಳಸುತ್ತೇನೆ ಎನ್ನುವಂತಿಲ್ಲ, ಮೂರು ಬಳಸುತ್ತೇನೆ ಎನ್ನುವಂತೆಯೂ ಇಲ್ಲ.

ಈ ಸಾಲನ್ನು ಹೇಳಿ ನಿಲ್ಲಿಸಬೇಡಿ. ಕೇಳಿದವರೆಲ್ಲ ತಲೆಯಾಡಿಸುತ್ತಾರೆ, "ಗೊತ್ತಾಯ್ತು, ಎಲೆ ಹಾಕಿ" ಎನ್ನುತ್ತಾರೆ, ಮೊದಲ ಆಟದಲ್ಲೇ ಮರೆಯುತ್ತಾರೆ. ಹೋಲ್ಡೆಮ್ ಆಡಿದವರೇ ಹೆಚ್ಚು ಮರೆಯುತ್ತಾರೆ, ಏಕೆಂದರೆ ಅಲ್ಲಿ ಒಂದೆಲೆ ಬಳಸುವುದು, ಬರೀ ಬೋರ್ಡ್ ಆಡುವುದು ಎಲ್ಲವೂ ನಡೆಯುತ್ತದೆ. ಹಾಗಾಗಿ ಚಿಪ್ಸ್ ಮುಟ್ಟುವ ಮೊದಲು ಕೆಳಗಿನ ನಾಲ್ಕು ಸಂದರ್ಭಗಳನ್ನು ಎಲೆಗಳನ್ನೇ ಜೋಡಿಸಿಟ್ಟು ತೋರಿಸಿ. ಹದಿನೈದು ನಿಮಿಷ ಹಿಡಿಯುತ್ತದೆ, ಇಡೀ ರಾತ್ರಿಯ ವಾದ ಉಳಿಯುತ್ತದೆ.

ಮೊದಲನೆಯದು ಒಂಟಿ ಎಕ್ಕ. ಬೋರ್ಡ್‌ನಲ್ಲಿ ಸ್ಪೇಡಿನ ರಾಜ, 9, 6, 2 ಮತ್ತು ಆಟೀನ್ ರಾಣಿ ಇಡಿ. ಒಬ್ಬರ ಕೈಗೆ ಸ್ಪೇಡ್ ಎಕ್ಕ, ಎರಡು ಕೆಂಪು ಗುಲಾಮ, ಒಂದು ಕೆಂಪು 8 ಕೊಡಿ. ಇನ್ನೊಬ್ಬರ ಕೈಯಲ್ಲಿ ಸ್ಪೇಡಿನ 4 ಮತ್ತು 3, ಜೊತೆಗೆ ಯಾವುದಾದರೂ ಎರಡು ಎಲೆ. ಎಕ್ಕ ಹಿಡಿದವರ ಕಣ್ಣು ಹೊಳೆಯುತ್ತದೆ. ಆದರೆ ಅವರ ಹತ್ತಿರ ಸ್ಪೇಡ್ ಒಂದೇ, ಬೋರ್ಡ್‌ನಿಂದ ಮೂರು ಸೇರಿಸಿದರೆ ಒಟ್ಟು ನಾಲ್ಕು. ಉಳಿದದ್ದು ಗುಲಾಮನ ಜೋಡಿ ಅಷ್ಟೇ. 4-3 ಹಿಡಿದವರದು ನಿಜವಾದ ಫ್ಲಶ್, ಪಾಟ್ (ಆ ಆಟದಲ್ಲಿ ಎಲ್ಲರೂ ಹಾಕಿದ ಚಿಪ್ಸ್) ಅವರದು. ಯಾರೂ ಲೆಕ್ಕಕ್ಕೇ ಇಡದ ಆ ಪುಟ್ಟ ಎಲೆಗಳು ಎಕ್ಕವನ್ನು ಸೋಲಿಸುವುದನ್ನು ಒಮ್ಮೆ ಕಣ್ಣಾರೆ ಕಂಡವರು ನಿಯಮ ಮರೆಯುವುದಿಲ್ಲ.

ಎರಡನೆಯದು ಎಲ್ಲರದೂ ಎಂದು ಕಾಣುವ ಫುಲ್ ಹೌಸ್. ಬೋರ್ಡ್‌ನಲ್ಲಿ ಮೂರು ರಾಜ, ಎರಡು 5. ಹೊಸಬರು ಸಾಮಾನ್ಯವಾಗಿ ಇಲ್ಲಿ ದೊಡ್ಡ ಮನಸ್ಸು ಮಾಡುತ್ತಾರೆ: "ಎಲ್ಲರಿಗೂ ಫುಲ್ ಹೌಸ್ ಬಿದ್ದಿದೆ, ಹಂಚ್ಕೊಂಡ್ಬಿಡೋಣ ಬಿಡಿ." ಹಂಚುವಂತಿಲ್ಲ. ಎಕ್ಕ, ರಾಣಿ, ಗುಲಾಮ, 9 ಹಿಡಿದವರು ತಮ್ಮ ಎರಡೆಲೆ ಬಳಸಲೇಬೇಕು, ಆಗ ಅವರದು ಮೂರು ರಾಜ, ಜೊತೆಗೆ ಎಕ್ಕ ಮತ್ತು ರಾಣಿ. ಪಕ್ಕದವರ ಕೈಯಲ್ಲಿ 2-2 ಜೋಡಿ ಇದ್ದರೆ ಅವರದು ಮೂರು ರಾಜ, ಎರಡು 2: ಫುಲ್ ಹೌಸ್. ಗೆದ್ದರು. ಇನ್ನೂ ಸ್ವಾರಸ್ಯ ಬೇಕೆಂದರೆ ಒಬ್ಬರಿಗೆ ಒಂದೇ ಒಂದು 5 ಕೊಟ್ಟು, ಉಳಿದ ಮೂರಕ್ಕೆ ಜೋಡಿಯಾಗದ ಸಣ್ಣ ಎಲೆಗಳನ್ನು ಕೊಡಿ. ಅವರು ಎಷ್ಟು ತಿರುವಿಹಾಕಿದರೂ ಫುಲ್ ಹೌಸ್ ಆಗುವುದಿಲ್ಲ. ಯಾಕೆಂದು ಅವರೇ ಕಂಡುಹಿಡಿಯಲಿ, ನೀವು ಬಾಯಿ ಬಿಡಬೇಡಿ.

ಮೂರನೆಯದು ಒಂಟಿ 9. ಬೋರ್ಡ್: 5, 6, 7, 8, ರಾಜ. ಕೈಯಲ್ಲಿ 9, ಎಕ್ಕ, ಎಕ್ಕ, 2. ಐದರಿಂದ ಒಂಬತ್ತರವರೆಗೆ ಸಾಲು ಕಣ್ಣಿಗೆ ರಾಚುತ್ತದೆ. ಆದರೆ ಅದಕ್ಕೆ ಬೋರ್ಡ್‌ನಿಂದ ನಾಲ್ಕೆಲೆ ಬೇಕಾಗುತ್ತದೆ, ಸಿಗುವುದು ಮೂರು. ಹಾಗಾಗಿ ಇವರದು ಎಕ್ಕದ ಜೋಡಿ. 4 ಮತ್ತು 3 ಹಿಡಿದವರದು ಮೂರರಿಂದ ಏಳರ ಸ್ಟ್ರೇಟ್.

ನಾಲ್ಕನೆಯದಕ್ಕೆ ರಮ್ಮಿ ಆಡುವವರನ್ನೇ ಕೂರಿಸಿ. ಕೈಯಲ್ಲಿ ಎರಡು ಎಕ್ಕ, ಎರಡು ರಾಜ. ಬೋರ್ಡ್‌ನಲ್ಲಿ ಗುಲಾಮ, 10, 7, 4, 2. "ಎಕ್ಕದ ಜೋಡಿ, ರಾಜನ ಜೋಡಿ, ಎರಡೂ ನಮ್ಮನೇಲೇ ಇವೆ" ಎನ್ನುತ್ತಾರೆ. ನಾಲ್ಕೂ ಎಲೆ ಬಳಸುವಂತಿಲ್ಲವಲ್ಲ! ಎಕ್ಕದ ಜೋಡಿ ತೆಗೆದುಕೊಂಡರೆ ರಾಜರು ಸುಮ್ಮನೆ ನೋಡುತ್ತಾ ಕೂರಬೇಕು. ಬರೀ 4 ಮತ್ತು 2 ಹಿಡಿದವರಿಗೆ ಎರಡು ಜೋಡಿ ಆಗುತ್ತದೆ, ಗೆಲುವು ಅವರದು.

ಇದೇ ದಾರಿಯಲ್ಲಿ ಮುಂದೆ ಹೋದರೆ ಒಮಾಹಾದ ಅತ್ಯಂತ ವಿಚಿತ್ರ ಕೈ ಸಿಗುತ್ತದೆ: ನಾಲ್ಕೂ ಎಕ್ಕ. ಬೇರೆ ಯಾವ ಆಟದಲ್ಲಾದರೂ ಇದು ಕುಣಿದಾಡಿಸುವ ಕೈ. ಇಲ್ಲಿ ಎರಡನ್ನೇ ಬಳಸಬಹುದು, ಮೂರನೇ ಎಕ್ಕ ಬೋರ್ಡ್‌ಗೆ ಬರುವ ಸಾಧ್ಯತೆಯೇ ಇಲ್ಲ. ಒಮಾಹಾದಲ್ಲಿ ಒಟ್ಟು 2,70,725 ಬಗೆಯ ಆರಂಭದ ಕೈಗಳಿವೆ, ನಾಲ್ಕು ಎಕ್ಕ ಅದರಲ್ಲಿ ಒಂದೇ ಒಂದು. ಆದರೆ ಮೂರು 8 ಬರುವುದು ಅಷ್ಟು ಅಪರೂಪವಲ್ಲ. ಮೂರು 8 ಬಂದವರು ರಮ್ಮಿಯ ಸೆಟ್ ಸಿಕ್ಕಿತೆಂದು ಹಿಗ್ಗಿ ಚಿಪ್ಸ್ ಸುರಿಯುತ್ತಾರೆ. ಒಂದು 8 ಅವರ ಕೈಯಲ್ಲೇ ದಂಡವಾಗಿ ಕೂತಿದೆ, ಹೊರಗೆ ಉಳಿದಿರುವುದು ಒಂದೇ ಎಂದು ತೋರಿಸಿ.

ನಾಲ್ಕನೇ ಹೆಜ್ಜೆ: ಮೊದಲ ಕೆಲವು ಆಟಗಳು ಬಿಚ್ಚೆಲೆಯಲ್ಲಿ

ಚಿಪ್ಸ್ ಇಲ್ಲದೆ, ಎಲ್ಲರ ನಾಲ್ಕೂ ಎಲೆ ಮೇಜಿನ ಮೇಲೆ ಮುಖ ಮೇಲಾಗಿ ಇರಲಿ. ಮೂರೆಲೆಯ ಫ್ಲಾಪ್ ಬಿಚ್ಚಿ ನಿಲ್ಲಿಸಿ, "ಈಗ ಯಾರು ಮುಂದಿದ್ದಾರೆ?" ಎಂದು ಕೇಳಿ. ನಾಲ್ಕನೇ ಎಲೆಯಾದ ಟರ್ನ್ ಬಿಚ್ಚಿ ಮತ್ತೆ ಕೇಳಿ, ಐದನೆಯದಾದ ರಿವರ್‌ಗೂ ಹಾಗೆಯೇ. ಉತ್ತರವನ್ನು ಮೇಜಿನವರೇ ಕೂಡಿ ಹುಡುಕಲಿ. ನಾಲ್ಕೆಲೆಯಲ್ಲಿ ಎರಡನ್ನು ಆರಿಸಲು 6 ದಾರಿ, ಬೋರ್ಡ್‌ನ ಐದರಲ್ಲಿ ಮೂರನ್ನು ಆರಿಸಲು 10 ದಾರಿ, ಒಟ್ಟು 60 ಐದೆಲೆಯ ಕೈಗಳು ಪ್ರತಿಯೊಬ್ಬರ ಮುಂದೆ ಇರುತ್ತವೆ. ಹೋಲ್ಡೆಮ್‌ನಲ್ಲಿ 21. ಅದಕ್ಕೇ ಅನುಭವಸ್ಥರೂ ಇಲ್ಲಿ ಎರಡು ಸಲ ನೋಡುತ್ತಾರೆ.

ಇದೇ ಹೊತ್ತಿನಲ್ಲಿ ಬೋರ್ಡ್ ಓದುವ ಮೂರು ಗುರುತು ಕಲಿಸಿ. ಬೋರ್ಡ್‌ನಲ್ಲಿ ಒಂದೇ ಬಣ್ಣದ ಮೂರೆಲೆ ಇಲ್ಲದಿದ್ದರೆ ಯಾರಿಗೂ ಫ್ಲಶ್ ಇಲ್ಲ. ಬೋರ್ಡ್‌ನಲ್ಲಿ ಜೋಡಿ ಬೀಳದಿದ್ದರೆ ಯಾರಿಗೂ ಫುಲ್ ಹೌಸ್ ಇಲ್ಲ, ನಾಲ್ಕು ಒಂದೇ ಎಲೆಯೂ ಇಲ್ಲ. ಐದರ ಸಾಲಿನೊಳಗೆ ಕೂರುವ ಮೂರೆಲೆ ಇಲ್ಲದಿದ್ದರೆ ಸ್ಟ್ರೇಟ್ ಇಲ್ಲ. ಇವು ಸದಾ ನಿಜ, ಯಾಕೆಂದರೆ ಬೋರ್ಡ್‌ನಿಂದ ಮೂರು ಬಳಸಲೇಬೇಕಲ್ಲ. ಅಲ್ಲಿಯವರೆಗೆ ಕಾಟ ಕೊಟ್ಟ ನಿಯಮವೇ ಇಲ್ಲಿ ದೀಪವಾಗುತ್ತದೆ, ಹೊಸಬರ ಮುಖ ಅರಳುವುದನ್ನು ನೀವೇ ಕಾಣುತ್ತೀರಿ.

ಐದನೇ ಹೆಜ್ಜೆ: ಪಾಟ್ ಲಿಮಿಟ್ ಲೆಕ್ಕ

ಒಮಾಹಾವನ್ನು ಹೆಚ್ಚಾಗಿ ಪಾಟ್ ಲಿಮಿಟ್ ಆಗಿ ಆಡುತ್ತಾರೆ. ಸಿನಿಮಾ ನೋಡಿ ಬಂದವರು ಮೊದಲ ಸುತ್ತಿನಲ್ಲೇ ಚಿಪ್ಸ್ ರಾಶಿಯನ್ನು ಎರಡೂ ಕೈಯಲ್ಲಿ ಮುಂದಕ್ಕೆ ತಳ್ಳಿ "ಆಲ್ ಇನ್!" ಎನ್ನುತ್ತಾರೆ. ನಗುತ್ತಲೇ ಹಿಂದಕ್ಕೆ ಕೊಡಿ. ಇಲ್ಲಿ ಒಂದು ಸಲಕ್ಕೆ ಏರಿಸಬಹುದಾದದ್ದು ಪಾಟ್‌ನಷ್ಟು ಮಾತ್ರ.

ಪಾಟ್‌ನಷ್ಟು ಅಂದರೆ ಎಷ್ಟು ಎಂಬಲ್ಲಿ ಮತ್ತೆ ಜಗಳ. ನೆನಪಿಡಲು ಸುಲಭವಾದ ಲೆಕ್ಕ ಇದು: ನಿಮಗಿಂತ ಮುಂಚೆ ಆಡಿದವರು ಹಾಕಿದ್ದರ ಮೂರು ಪಟ್ಟು, ಅದಕ್ಕೆ ಪಾಟ್‌ನಲ್ಲಿರುವ ಉಳಿದ ಚಿಪ್ಸ್ ಸೇರಿಸಿ. ಪಾಟ್‌ನಲ್ಲಿ 100 ಇದೆ, ಪಕ್ಕದವರು 50 ಹಾಕಿದರು. 50ರ ಮೂರು ಪಟ್ಟು 150, ಜೊತೆಗೆ 100, ಒಟ್ಟು 250. ಅದೇ ಗರಿಷ್ಠ. ಆಟ ಶುರುವಾದಾಗ ಬ್ಲೈಂಡ್ 5 ಮತ್ತು 10 ಇದ್ದರೆ, 10ರ ಮೂರು ಪಟ್ಟು 30, ಜೊತೆಗೆ 5, ಒಟ್ಟು 35. ಲೆಕ್ಕ ಮಾಡುವ ಹೊಣೆಯನ್ನು ಒಬ್ಬರಿಗೇ ಒಪ್ಪಿಸಿ. ಮನೆಯಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಮಾವನವರೋ ಅತ್ತೆಯವರೋ ಇದ್ದರೆ ಈ ಕೆಲಸ ಅವರಿಗೆ ಸಂತೋಷ ಕೊಡುತ್ತದೆ, ಅವರ ಮಾತಿಗೆ ಎದುರಾಡುವವರೂ ಇರುವುದಿಲ್ಲ.

ಆರನೇ ಹೆಜ್ಜೆ: ಯಾವ ಕೈ ಆಡಬೇಕು

ಹೊಸಬರು ಪ್ರತಿ ಆಟದಲ್ಲೂ ಇಳಿಯುತ್ತಾರೆ, ಯಾಕೆಂದರೆ ನಾಲ್ಕೆಲೆಯಲ್ಲಿ ಏನಾದರೊಂದು ಚಂದ ಕಾಣುತ್ತದೆ. ಮೊದಲ ದಿನ ಅವರನ್ನು ತಡೆಯುವುದರಲ್ಲಿ ಅರ್ಥವಿಲ್ಲ, ಆಡಿಯೇ ಕಲಿಯಲಿ. ಒಂದು ಮಾತು ಮಾತ್ರ ಹೇಳಿ: ನಾಲ್ಕೂ ಎಲೆ ಒಂದಕ್ಕೊಂದು ಮಾತಾಡುವಂತಿರಬೇಕು. ಎರಡು ಎಕ್ಕ, ಎರಡು ರಾಜ, ಎರಡೆರಡು ಒಂದೇ ಬಣ್ಣದವು ಇದ್ದರೆ ಅತ್ಯುತ್ತಮ. ಗುಲಾಮ, 10, 9, 8 ಕೂಡ ಒಳ್ಳೆಯದು. ರಾಜ, 8, 5, 2 ನಾಲ್ಕು ದಿಕ್ಕಿಗೆ ಹೋಗುವ ಕೈ, ಪ್ಯಾಕ್ ಮಾಡಿ. ಒಂದೇ ಬಣ್ಣದ ನಾಲ್ಕೆಲೆ ಬಂದರೆ ತೀನ್ ಪತ್ತಿಯವರಿಗೆ ಹಬ್ಬ, ಆದರೆ ಅದರಲ್ಲಿ ಎರಡು ದಂಡ. ಅಷ್ಟೇ ಅಲ್ಲ, ಅವರಿಗೆ ಬೇಕಾದ ಬಣ್ಣದ ಎಲೆಗಳನ್ನು ಅವರೇ ಹಿಡಿದು ಕೂತಿದ್ದಾರೆ.

ಹೊಸಬರಿಗೆ ನಿಜವಾಗಿ ನೋವಾಗುವ ಒಂದು ಜಾಗವಿದೆ. ಫ್ಲಾಪ್ ಬೇರೆ ಬೇರೆ ಬಣ್ಣದ 9, 8, 2. ಒಬ್ಬರ ಕೈಯಲ್ಲಿ 9-9, ಅಂದರೆ ಮೂರು 9 ಸಿದ್ಧ. ಹೋಲ್ಡೆಮ್‌ನಲ್ಲಿ ಇದು ನಿಶ್ಚಿಂತೆಯ ಕೈ. ಎದುರಿಗಿರುವವರ ಹತ್ತಿರ ಗುಲಾಮ, 10, 7, 6. ಅವರಿಗೆ ಸದ್ಯಕ್ಕೆ ಏನೂ ಆಗಿಲ್ಲ. ಆದರೆ ರಾಣಿ, ಗುಲಾಮ, 10, 7, 6, 5, ಇವುಗಳಲ್ಲಿ ಯಾವುದು ಬಂದರೂ ಸ್ಟ್ರೇಟ್. ಎಣಿಸಿ: ನಾಲ್ಕು ರಾಣಿ, ನಾಲ್ಕು 5, ಉಳಿದವು ಮೂರು ಮೂರು, ಒಟ್ಟು 20 ಎಲೆ. ಕಾಣದ 45 ಎಲೆಗಳಲ್ಲಿ 20 ಅವರ ಕಡೆಯವು. ಎರಡೆಲೆ ಬರುವುದು ಬಾಕಿ ಇರುವಾಗ ಇವುಗಳಲ್ಲಿ ಒಂದಾದರೂ ಬರುವುದು ಸುಮಾರು ಹತ್ತಕ್ಕೆ ಏಳು ಸಲ. ಬೋರ್ಡ್‌ನಲ್ಲಿ ಜೋಡಿ ಬಿದ್ದರೆ ಮೂರು 9ರವರಿಗೆ ಫುಲ್ ಹೌಸ್ ಆಗುತ್ತದೆ, ಹಾಗಾಗಿ ಅವರು ಕೈಬಿಡಬೇಕೆಂದಲ್ಲ. ಆದರೆ "ನನ್ನ ಮೂರು 9 ಹೇಗೆ ಸೋಲ್ತು?" ಎಂದು ಮುಖ ಸಣ್ಣಗೆ ಮಾಡಿಕೊಂಡವರ ಮುಂದೆ ಆ 20 ಎಲೆಗಳನ್ನು ಒಂದೊಂದಾಗಿ ಎಣಿಸಿ ಇಡಿ. ಅದೃಷ್ಟದ ಮೇಲಿನ ಸಿಟ್ಟು ಇಳಿದು ಆಟದ ಮೇಲೆ ಕುತೂಹಲ ಹುಟ್ಟುತ್ತದೆ. ಕಲಿಸುವವರಿಗೆ ಇದಕ್ಕಿಂತ ಒಳ್ಳೆಯ ಗಳಿಗೆ ಆ ಸಂಜೆ ಸಿಗುವುದಿಲ್ಲ.

ಏಳನೇ ಹೆಜ್ಜೆ: ಎಲೆ ತೋರಿಸುವ ಕ್ರಮ

ಇಲ್ಲಿ ಶಿಸ್ತು ಬೇಕು, ರಾಜಿ ಬೇಡ. ಕೊನೆಯವರೆಗೆ ಉಳಿದವರೆಲ್ಲ ನಾಲ್ಕೂ ಎಲೆ ಬಿಚ್ಚಿ ಮೇಜಿನ ಮೇಲೆ ಇಡಬೇಕು. ಎರಡನ್ನೇ ತೋರಿಸಿ ಉಳಿದೆರಡನ್ನು ಕಟ್ಟಿಗೆ ಸೇರಿಸುವುದು ನಿಷಿದ್ಧ. ಹೊಸಬರು ಇಲ್ಲದ ಕೈಯನ್ನು ಇದೆ ಎನ್ನುವುದು ಎಷ್ಟು ಸಾಮಾನ್ಯವೋ, ಇರುವ ಕೈಯನ್ನು ಕಾಣದೆ ಎಸೆಯುವುದೂ ಅಷ್ಟೇ ಸಾಮಾನ್ಯ. ಎಕ್ಕಗಳನ್ನೇ ನೋಡುತ್ತಾ ಕೂತವರಿಗೆ ತಮ್ಮ 4-3ರಲ್ಲಿ ಸ್ಟ್ರೇಟ್ ಇರುವುದು ಕಾಣುವುದಿಲ್ಲ. ಬಾಯಲ್ಲಿ ಏನೇ ಹೇಳಿರಲಿ, ಬಿಚ್ಚಿಟ್ಟ ಎಲೆಯೇ ತೀರ್ಮಾನ.

ಬಿಚ್ಚಿದ ಮೇಲೆ, ಕೈ ಹೇಳುವವರು ತಮ್ಮ ಎರಡೆಲೆಯನ್ನು ಬೆರಳಿನಿಂದ ಮುಂದಕ್ಕೆ ತಳ್ಳಬೇಕು, ಬೋರ್ಡ್‌ನ ಮೂರೆಲೆಯನ್ನು ನೀವು ಅವರತ್ತ ಸ್ವಲ್ಪ ಜಾರಿಸಬೇಕು. ಐದೆಲೆ ಒಟ್ಟಿಗೆ ಕಾಣುತ್ತದೆ. ಕಲರ್ ಎಂದು ಕೂಗಿದವರು ಎರಡನೇ ಸ್ಪೇಡ್ ಹುಡುಕುತ್ತಾ ಬೆರಳು ನಿಲ್ಲಿಸುತ್ತಾರೆ, ಒಂದು ಕ್ಷಣ ಸುಮ್ಮನಿರುತ್ತಾರೆ, ಆಮೇಲೆ ತಾವೇ ನಗುತ್ತಾರೆ. ನೀವು "ತಪ್ಪು" ಎಂದು ಹೇಳುವ ಅಗತ್ಯವೇ ಬೀಳುವುದಿಲ್ಲ. ಹಿರಿಯರು ಕೂತಿರುವ ಮೇಜಿನಲ್ಲಿ ಇದು ದೊಡ್ಡ ಅನುಕೂಲ: "ಚಿಕ್ಕಪ್ಪ, ಎರಡೆಲೆ ಮುಂದೆ ತಳ್ಳಿ ನೋಡೋಣ" ಎಂದರೆ ಸಾಕು, ತಿದ್ದಿಕೊಳ್ಳುವುದು ಅವರದೇ ಕೆಲಸ.

ಹಂಚುವಾಗಿನ ತಪ್ಪುಗಳಿಗೂ ಒಂದು ಒಪ್ಪಂದ ಇರಲಿ. ಹೋಲ್ಡೆಮ್ ಅಭ್ಯಾಸದಿಂದ ಎರಡೇ ಎಲೆ ಹಂಚಿ ಫ್ಲಾಪ್ ಬಿಚ್ಚುವವರಿದ್ದಾರೆ, ಮಾತಿನ ಭರದಲ್ಲಿ ಒಬ್ಬರಿಗೆ ಐದು ಕೊಡುವವರೂ ಇದ್ದಾರೆ. ಚಿಪ್ಸ್ ಬೀಳುವ ಮುಂಚೆ ಗೊತ್ತಾದರೆ ಎಲ್ಲವನ್ನೂ ಕಲಸಿ ಮತ್ತೆ ಹಂಚಿ. ಆಟ ಮುಂದುವರಿದ ಮೇಲೆ ಗೊತ್ತಾದರೆ ಆ ಕೈ ಮಾತ್ರ ಸತ್ತಂತೆ. ಎಲೆ ಎತ್ತಿಕೊಂಡ ತಕ್ಷಣ ಪ್ರತಿಯೊಬ್ಬರೂ ನಾಲ್ಕನ್ನು ಎಣಿಸಿಕೊಳ್ಳುವ ಅಭ್ಯಾಸ ಮಾಡಿಸಿದರೆ ಈ ಪ್ರಸಂಗವೇ ಕಡಿಮೆಯಾಗುತ್ತದೆ.

ಮುಂದಿನ ಹಂತ ಯಾವಾಗ

ಆಟ ಹಿಡಿಸಿದವರು ಅದೇ ರಾತ್ರಿ "ಹೈ-ಲೋ ಅಂತ ಒಂದಿದೆಯಂತಲ್ಲ, ಅದನ್ನೂ ಆಡೋಣ" ಎನ್ನಬಹುದು. ಅದರಲ್ಲಿ ಪಾಟ್ ಎರಡು ಪಾಲಾಗುತ್ತದೆ: ಅರ್ಧ ದೊಡ್ಡ ಕೈಗೆ, ಇನ್ನರ್ಧ 8 ಮತ್ತು ಅದಕ್ಕಿಂತ ಚಿಕ್ಕ ಐದು ಬೇರೆ ಬೇರೆ ಎಲೆಗಳ ಕೈಗೆ. ಚಿಕ್ಕ ಕೈಗೂ ಎರಡು-ಮೂರರ ನಿಯಮವೇ, ಆದರೆ ದೊಡ್ಡದಕ್ಕೆ ಬಳಸಿದ ಎರಡೆಲೆಯನ್ನೇ ಬಳಸಬೇಕೆಂದಿಲ್ಲ. ಬೋರ್ಡ್‌ನಲ್ಲಿ 8 ಅಥವಾ ಅದಕ್ಕಿಂತ ಚಿಕ್ಕ ಮೂರು ಬೇರೆ ಎಲೆ ಇಲ್ಲದಿದ್ದರೆ ಚಿಕ್ಕ ಕೈ ಯಾರಿಗೂ ಇಲ್ಲ, ಪೂರ್ತಿ ಪಾಟ್ ದೊಡ್ಡದಕ್ಕೇ. ಬಲು ಚಂದದ ಆಟ, ಆದರೆ ಮೊದಲ ಸಂಜೆಗೆ ಬೇಡವೇ ಬೇಡ. ಐದೆಲೆಯ ಒಮಾಹಾಕ್ಕೂ ಇದೇ ಮಾತು. ಕೈಯಲ್ಲಿ ಒಂದೆಲೆ ಹೆಚ್ಚಾದರೆ 60 ಇದ್ದ ಕೈಗಳು 100 ಆಗುತ್ತವೆ.

ಮೇಜಿನಲ್ಲಿರುವ ಪ್ರತಿಯೊಬ್ಬರೂ ಸತತ ಮೂರು ಆಟಗಳಲ್ಲಿ ಯಾರ ಸಹಾಯವೂ ಇಲ್ಲದೆ ತಮ್ಮ ಸರಿಯಾದ ಎರಡೆಲೆ ಮುಂದಕ್ಕೆ ತಳ್ಳಿದರೆ, ಮುಂದಿನ ಭೇಟಿಗೆ ಹೈ-ಲೋ ಇಟ್ಟುಕೊಳ್ಳಿ. ಅಂದು ಶ್ರೇಣಿಯ ಹಾಳೆಯ ಕೆಳಗೆ ಒಂದು ಸಾಲು ಸೇರಿಸಿ: ಅತಿ ಚಿಕ್ಕ ಕೈ ಎಕ್ಕ, 2, 3, 4, 5, ಅದು ಸ್ಟ್ರೇಟ್ ಕೂಡ ಹೌದು, ಹಾಗಾಗಿ ಒಂದೇ ಕೈ ಎರಡೂ ಪಾಲು ಗೆಲ್ಲಬಹುದು.